ಒಪ್ಪಿಗೆಯ ವಿಚ್ಛೇದನ: ಗಂಡನ ಹಳೇ ಪಿಂಚಣಿ, ಹೆಂಡತಿಯ ಎನ್‌ಪಿಎಸ್, ಬಳ್ಳಾರಿ ಮನೆ – ಲೆಕ್ಕ ಹೆಂಗ ಹಾಕೋದು?

ಪ್ರಶ್ನೆ: ಕಾರಟಗಿ ಕಾಲುವೆ

ನಮಸ್ಕಾರ್ರಿ ಎಲ್ಲಾರಿಗೂ. ಅಕ್ಕ, ಭಾವ ಇಬ್ಬರೂ ಒಪ್ಪಿಗೆಯಿಂದ ಬ್ಯಾರೆ ಆಗಾಕತ್ಯಾರ. ಜಗಳಿಲ್ಲ, ಮದುವಿ ಆದಮ್ಯಾಲೆ ಗಳಿಸಿದ್ದನ್ನ ಅರ್ಧ-ಅರ್ಧ ಹಂಚಕೊಳ್ಳೂಣು ಅಂತ ಅಂದುಕೊಂಡಾರ, ಆದರ ಲೆಕ್ಕ ಬಗೀಹರಿವಲ್ದು. ವಕೀಲರ ಹತ್ರ ಹೋಗೂಕಿಂತ ಮೊದಲ ಒಂದು ಹಾಳಿ ಮ್ಯಾಲೆ ಸರಿಯಾಗಿ ಬರಕೊಂಡು ಹೋಗಬೇಕಂತ ಇಬ್ಬರದೂ ಮಾತು.

ಭಾವ ಸರ್ಕಾರಿ ಪಿಯು ಕಾಲೇಜಿನ ಉಪನ್ಯಾಸಕರು. ಜೂನ್ 2003ಕ್ಕೆ ಸೇವಾ ಸೇರ್ಯಾರ, ಹಳೇ ಪಿಂಚಣಿ ಐತಿ, ಮೇ 2038ಕ್ಕೆ ನಿವೃತ್ತಿ. ಮೂಲ ವೇತನ ಸುಮಾರು 72,000. ಅಕ್ಕ ಸರ್ಕಾರಿ ಆಸ್ಪತ್ರ್ಯಾಗ ಶುಶ್ರೂಷಾಧಿಕಾರಿ, 2012ರಾಗ ಸೇರ್ಯಾಳ, ಪಗಾರದಾಗ ಕಡಿತಾಗಿ ಜಮಾ ಆಗೂ ಹೊಸ ಪಿಂಚಣಿ, ಎನ್‌ಪಿಎಸ್. ಮದುವಿ ಆಗಿದ್ದು ಜೂನ್ 2010. ಮೇ 2024ರ ಕೊನಿಯಿಂದ ಬ್ಯಾರೆ ಬ್ಯಾರೆ ಮನ್ಯಾಗ ಅದಾರ. ಮಗಳಿಗೆ 13, ಮಗನಿಗೆ 9, ಇಬ್ಬರೂ ಅಕ್ಕನ ಕಡೆ.

ಬಳ್ಳಾರ್ಯಾಗ ಮನಿ ಇಬ್ಬರ ಹೆಸರಿಲೆ ಐತಿ, 2014ರಾಗ ತಗೊಂಡಿದ್ದು. ಇವತ್ತಿನ ಬೆಲೆ ಸುಮಾರು 70 ಲಕ್ಷ, ಸಾಲ ಬಾಕಿ 24 ಲಕ್ಷ. ಕಂತು ಭಾವನ ಪಗಾರದಾಗ ಹೋಕ್ಕೈತಿ. ಮುಂಗಡಕ್ಕ ಅಕ್ಕನ 12 ತೊಲಿ ಬಂಗಾರ ಮಾರಿದ್ರು. ಕೊಪ್ಪಳದ ಭಾಗ್ಯನಗರದಾಗ ಭಾವನ ಹೆಸರಿಲೆ ಒಂದು ಸೈಟು, 2016ರಾಗ 8 ಲಕ್ಷಕ್ಕ ತಗೊಂಡಿದ್ದು ಈಗ 18 ಲಕ್ಷ. ಭಾವನ ಜಿಪಿಎಫ್ (ಸರ್ಕಾರಿ ನೌಕರರ ಭವಿಷ್ಯ ನಿಧಿ) ಮದುವಿ ಹೊತ್ತಿಗೆ 2 ಲಕ್ಷ ಇತ್ತು, ಬ್ಯಾರೆ ಆದಾಗ 12 ಲಕ್ಷ. ಅಕ್ಕನ ಎನ್‌ಪಿಎಸ್ ಆಗ 22 ಲಕ್ಷ. ಇಷ್ಟಲ್ದ ಕಾರಟಗಿ ಹತ್ರ 4 ಎಕರೆ 20 ಗುಂಟೆ ನೀರಾವರಿ ಹೊಲ, ಪಹಣಿ ಭಾವನ ತಂದಿ ಹೆಸರಿಲೆ.

ಕೇಳೂದು ಇಷ್ಟ. ಭಾವನ ಪಿಂಚಣ್ಯಾಗ ಅಕ್ಕಗ ಪಾಲು ಐತೇನು? "ನಿವೃತ್ತಿ ಆದಮ್ಯಾಲೆ ತಿಂಗಳಾ ಪಿಂಚಣ್ಯಾಗ 20 ಪರ್ಸೆಂಟ್ ಕೊಡ್ತೀನಿ ಅಂತ ಬಾಂಡ್ ಪೇಪರ್ ಮ್ಯಾಲೆ ಬರಸ್ಕೋರಿ" ಅಂತ ಹಿರಿಯರೊಬ್ಬರು ಹೇಳ್ಯಾರ. ಅದು ನಡಿತೈತೇನು? ಮನಿ ಅಕ್ಕನ ಹೆಸರಿಗೆ ಆಗಬೇಕಂದ್ರ ಯಾವಾಗ, ಹೆಂಗ ಮಾಡಬೇಕು? ಹೊಲದಾಗ ಮಕ್ಕಳಿಗೆ ಏನರ ಐತೇನು?

ಉತ್ತರ: ವಕಾಲತ್ತು

ಬಾಂಡ್ ಪೇಪರಿನ ಸಲಹೆಯನ್ನು ಮೊದಲು ಪಕ್ಕಕ್ಕಿಡಿ, ಅದರಿಂದ ಏನೂ ಸಿಗುವುದಿಲ್ಲ. 1871ರ ಪಿಂಚಣಿ ಕಾಯ್ದೆಯ 12ನೇ ಕಲಮಿನ ಪ್ರಕಾರ, ಇನ್ನೂ ಕೈಗೆ ಬರದ ಪಿಂಚಣಿಯನ್ನು ಮುಂಗಡವಾಗಿ ಇನ್ನೊಬ್ಬರಿಗೆ ಬರೆದುಕೊಡುವ ಯಾವ ಕರಾರೂ ಶೂನ್ಯ. ಅದೇ ಕಾಯ್ದೆಯ 11ನೇ ಕಲಮು ಪಿಂಚಣಿಯನ್ನು ಜಪ್ತಿಯಿಂದ ಕಾಯುತ್ತದೆ. ಜಿಪಿಎಫ್‌ಗೆ 1925ರ ಭವಿಷ್ಯ ನಿಧಿ ಕಾಯ್ದೆಯಲ್ಲಿ ಅಂಥದೇ ರಕ್ಷಣೆ ಇದೆ. ಇಂಥ ಬಾಂಡ್ ಹಿಡಿದು ಖಜಾನೆಗೆ ಹೋದರೆ ಪಿಂಚಣಿಯನ್ನು ಇಬ್ಬರ ಖಾತೆಗೆ ಒಡೆದು ಹಾಕುವ ವ್ಯವಸ್ಥೆಯೇ ಅಲ್ಲಿಲ್ಲ. ಪರದೇಶಗಳಲ್ಲಿ ಕೋರ್ಟೇ ಪಿಂಚಣಿ ಸಂಸ್ಥೆಗೆ "ಇಷ್ಟು ಭಾಗ ಮಾಜಿ ಪತ್ನಿಗೆ" ಎಂದು ಆದೇಶ ಕೊಡುವುದುಂಟು. ಅದನ್ನು ಅಂತರ್ಜಾಲದಲ್ಲಿ ಓದಿ ಇಲ್ಲಿಯೂ ಹಾಗೇ ಅಂದುಕೊಳ್ಳುವವರು ಬಹಳ.

ಎರಡನೆಯದು. ನಮ್ಮಲ್ಲಿ ಮದುವೆಯಾದ ಮಾತ್ರಕ್ಕೆ ಆಸ್ತಿ ಜಂಟಿಯಾಗುವುದಿಲ್ಲ. ಯಾರ ಹೆಸರಿನಲ್ಲಿದೆಯೋ ಅವರದು, ಜಂಟಿ ಹೆಸರಿದ್ದರೆ ಇಬ್ಬರದು. ಹಿಂದೂ ವಿವಾಹ ಕಾಯ್ದೆ 1955ರ 27ನೇ ಕಲಮು ಮದುವೆಯ ಸಮಯದಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆಗಳ ಮಟ್ಟಿಗೆ ಮಾತ್ರ. 25ನೇ ಕಲಮಿನ ಶಾಶ್ವತ ಜೀವನಾಂಶ ಪಾಲಲ್ಲ. ಇಬ್ಬರ ಆದಾಯ, ಆಸ್ತಿ, ನಡತೆ ನೋಡಿ ಕೋರ್ಟು ನಿಗದಿ ಮಾಡುವ ಮೊತ್ತ ಅದು, ಗಂಡನೂ ಕೇಳಬಹುದು. ಹಾಗಾಗಿ ನೀವು ಅಂದುಕೊಂಡಿರುವ ಅರ್ಧ-ಅರ್ಧ ಕಾನೂನು ಕೊಡುವ ಹಕ್ಕಲ್ಲ, ನೀವೇ ಮಾಡಿಕೊಳ್ಳುವ ಒಪ್ಪಂದ. ಇಬ್ಬರೂ ಸಿದ್ಧರಿದ್ದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಪ್ರತಿ ಸಾಲೂ ಕರಾರಿನಲ್ಲಿ ಬರಬೇಕು, ಬಾಯಿಮಾತಿನ ಅರ್ಧಕ್ಕೆ ನಾಳೆ ಯಾವ ಕೋರ್ಟೂ ನಿಲ್ಲುವುದಿಲ್ಲ.

ಪಿಂಚಣಿಯನ್ನು ಒಪ್ಪಂದದಲ್ಲಿ ತರುವುದಾದರೆ ಎರಡೇ ಮಾರ್ಗ. ಒಂದು, ಅದರ ಇಂದಿನ ಬೆಲೆ ಕಟ್ಟಿ ಬೇರೆ ಆಸ್ತಿಯಲ್ಲಿ ಸರಿದೂಗಿಸುವುದು. ಇನ್ನೊಂದು, "ಪಿಂಚಣಿಯಲ್ಲಿ ಇಷ್ಟು ಭಾಗ" ಎಂದು ಬರೆಯದೆ "25ನೇ ಕಲಮಿನಡಿ ತಿಂಗಳಿಗೆ ಇಷ್ಟು ರೂಪಾಯಿ ಜೀವನಾಂಶ" ಎಂದು ಬರೆದು, ಅದಕ್ಕೆ ಗಂಡನ ಸ್ಥಿರಾಸ್ತಿಯ ಮೇಲೆ ಚಾರ್ಜ್ (ಋಣಭಾರ) ಹಾಕಿಸುವುದು. ಚಾರ್ಜ್‌ಗೆ 25(1) ಅವಕಾಶ ಕೊಡುತ್ತದೆ. ಕೊಡದೆ ಹೋದರೆ ಸೇವೆಯಲ್ಲಿರುವವರೆಗೆ ವಸೂಲಿ ಸುಲಭ: ಜೀವನಾಂಶದ ಡಿಕ್ರಿಗೆ (ಕೋರ್ಟಿನ ಅಂತಿಮ ಆದೇಶಕ್ಕೆ) ವೇತನದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ, ಉಳಿದದ್ದನ್ನು ಜಪ್ತಿ ಮಾಡಬಹುದು. ನಿವೃತ್ತಿಯ ನಂತರ ಪಿಂಚಣಿಯ ರಕ್ಷಣೆ ಜೀವನಾಂಶಕ್ಕೆ ಅಡ್ಡಬರುವುದಿಲ್ಲ ಎಂದು ಹೈಕೋರ್ಟುಗಳು ಹೇಳಿರುವುದುಂಟು. ಆದರೂ ಅದಕ್ಕೊಂದು ಅರ್ಜಿ, ಆಕ್ಷೇಪಣೆ, ವಾಯಿದೆಗಳ ಸರಣಿ ತಪ್ಪದು. ಮೊದಲ ಮಾರ್ಗವೇ ಲೇಸು.

ಅಕ್ಕನವರು ಕಳೆದುಕೊಳ್ಳುವ ಇನ್ನೊಂದು ಬಾಬ್ತು ಕುಟುಂಬ ಪಿಂಚಣಿ, ಅಂದರೆ ನೌಕರ ತೀರಿಕೊಂಡ ಮೇಲೆ ಕುಟುಂಬಕ್ಕೆ ಬರುವ ಪಿಂಚಣಿ. ವಿಚ್ಛೇದನದ ಡಿಕ್ರಿ ಆದ ದಿನವೇ ಆ ಅರ್ಹತೆ ಹೋಗುತ್ತದೆ. ಭಾವನವರು ಬೇಕೆಂದರೂ ವಿಲ್ ಬರೆದು ಕೊಡಲಾಗದು, ಕುಟುಂಬ ಪಿಂಚಣಿ ಮೃತರ ಎಸ್ಟೇಟಿನ ಭಾಗವಲ್ಲ ಎಂದು 1991ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಮಕ್ಕಳ ಅರ್ಹತೆ ಮಾತ್ರ ನಿಯಮದ ವಯಸ್ಸಿನ ಮಿತಿಯೊಳಗೆ ಉಳಿಯುತ್ತದೆ, ತಂದೆ ತಾಯಿ ಬೇರೆಯಾದರೂ ಅವರು ಮಕ್ಕಳೇ.

ಅರ್ಜಿಯ ಕ್ರಮ: ಒಪ್ಪಿಗೆಯ ವಿಚ್ಛೇದನದ 13ಬಿ ಕಲಮಿಗೆ ಒಂದು ವರ್ಷ ಬೇರೆ ಇದ್ದಿರಬೇಕು, ನಿಮ್ಮದು ಆಗಿದೆ. ಮೊದಲ ಅರ್ಜಿಯಿಂದ ಎರಡನೆಯದಕ್ಕೆ ಆರು ತಿಂಗಳು, ಗರಿಷ್ಠ 18. ಈ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು 2017ರ ಅಮರದೀಪ್ ಸಿಂಗ್ ತೀರ್ಪು ಹೇಳಿದೆ. ಅದಕ್ಕೆ ಮೊದಲ ಅರ್ಜಿಗೆ ಮುಂಚೆಯೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ಜೀವನಾಂಶ, ಮಕ್ಕಳ ಪಾಲನೆ ಎಲ್ಲ ಇತ್ಯರ್ಥವಾಗಿರಬೇಕು. ನಿಮಗೆ ಮನ್ನಾ ಕೇಳುವ ಅರ್ಹತೆ ಇದೆ, ಆದರೆ ಕೇಳಬೇಡಿ ಎನ್ನುತ್ತೇನೆ. ಮನೆ ಸಾಲ, ನೋಂದಣಿ ಮುಗಿಸಲು ಆ ಆರು ತಿಂಗಳು ಬೇಕೇ ಬೇಕು.

ಜೀವನಾಂಶದ ಪ್ರಶ್ನೆ ಬಂದರೆ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಇಬ್ಬರೂ ಕೊಡಬೇಕು, 2020ರ ರಜನೀಶ್–ನೇಹಾ ತೀರ್ಪಿನ ನಮೂನೆಯಲ್ಲಿ. ಒಪ್ಪಿಗೆಯ ಪ್ರಕರಣವಾದರೂ ಅದನ್ನು ತುಂಬಿ ಒಬ್ಬರಿಗೊಬ್ಬರು ಕೊಟ್ಟುಕೊಳ್ಳಿ. ಇಬ್ಬರೂ ಸರ್ಕಾರಿ ನೌಕರರು, ವರ್ಷವರ್ಷ ಇಲಾಖೆಗೆ ಆಸ್ತಿ-ಹೊಣೆಗಾರಿಕೆ ಪಟ್ಟಿ ಸಲ್ಲಿಸಿರುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬಿಟ್ಟುಹೋದ ಎಲ್‌ಐಸಿ, ಸೊಸೈಟಿ ಷೇರು, ಚೀಟಿ ಎಲ್ಲ ಕಾಣುತ್ತವೆ.

ಉತ್ತರ: ಖಜಾನೆ ಕಟ್ಟಿ

ವಕೀಲರು ಹೇಳಿದ ಮೊದಲನೇ ದಾರಿಗೆ ಲೆಕ್ಕ ಹಿಂಗ ಹಾಕ್ರಿ. ಇದು ಕಾನೂನಿನ ಸೂತ್ರ ಅಲ್ಲ, ಮಾತುಕತಿಗೆ ಅಳತಿಗೋಲು ಅಷ್ಟ.

ರಾಜ್ಯದ ಹಳೇ ಪಿಂಚಣ್ಯಾಗ 30 ವರ್ಷ ಅರ್ಹತಾ ಸೇವಾ ಆದ್ರ ಕೊನೀ ಮೂಲ ವೇತನದ ಅರ್ಧ ಪೂರ್ತಿ ಪಿಂಚಣಿ. ಮೊದಲ 33 ವರ್ಷ ಬೇಕಿತ್ತು. ಇವತ್ತಿನ ಪಗಾರ ಹಿಡಿದ್ರ 72,000ದ ಅರ್ಧ 36,000. ಮದುವಿಯೊಳಗಿನ ಸೇವಾ ಜೂನ್ 2010ರಿಂದ ಮೇ 2024, ಅಂದ್ರ 168 ತಿಂಗಳು. ಇದನ್ನ ಯಾತರಿಂದ ಭಾಗಸ್ಬೇಕು ಅನ್ನೂದರಾಗ ಜಗಳ ಬರ್ತೈತಿ. ಒಟ್ಟು ಸೇವಾ 35 ವರ್ಷ, 420 ತಿಂಗಳು ಅಂತ ಭಾಗಿಸಿದ್ರ 40 ಪರ್ಸೆಂಟ್, ಅಂದ್ರ 14,400, ಅದರ ಅರ್ಧ 7,200. ಆದರ ಪಿಂಚಣಿ 30 ವರ್ಷಕ್ಕ ಪೂರ್ತಿ ಆಕ್ಕೈತಿ, ಕೊನೀ ಐದು ವರ್ಷದ ಸೇವಾ ಅದಕ್ಕ ಏನೂ ಕೂಡಸೂದಿಲ್ಲ. ಅದಕ್ಕ 360ರಿಂದ ಭಾಗಸೂದ ಸರಿ ಅಂತೀನಿ ನಾನು: 46.67 ಪರ್ಸೆಂಟ್, 16,800, ಅರ್ಧ 8,400. ಬ್ಯಾರೆ ಆದ ದಿನಕ್ಕ ನಿಲ್ಲಿಸಿ ನೋಡಿದ್ರೂ ಇದ ಉತ್ತರ ಬರ್ತೈತಿ. 21 ವರ್ಷಕ್ಕ ಗಳಿಸಿದ್ದು 36,000 × 21/30 = 25,200, ಅದರಾಗ ಮದುವಿ ಪಾಲು ಮೂರರಾಗ ಎರಡು.

ಮುಂದಿನ ಬಡ್ತಿ, ಇನ್‌ಕ್ರಿಮೆಂಟು ಬ್ಯಾರೆ ಆದಮ್ಯಾಲೆ ಅವರು ದುಡಿದು ಗಳಿಸೂದು. ಅದಕ್ಕ ಇವತ್ತಿನ ಮೂಲ ವೇತನದ ಮ್ಯಾಲೆ ನಿಲ್ಲಿಸಿದ್ದು.

ಇನ್ನ ತಿಂಗಳಾ 8,400ಕ್ಕ ಇವತ್ತಿನ ಬೆಲೆ. ವರ್ಷಕ್ಕ 1,00,800. ಅರವತ್ತರಿಂದ ಇಪ್ಪತ್ತು ವರ್ಷ ಸಿಗತೈತಿ ಅಂತ ಹಿಡೀರಿ. ಬಡ್ಡಿ ಯಾವುದು ಹಿಡೀಬೇಕು ಅನ್ನೂದರ ಮ್ಯಾಲೆ ಎಲ್ಲಾ ನಿಂತೈತಿ. 7 ಪರ್ಸೆಂಟ್ ಹಿಡಿದ್ರ ನಿವೃತ್ತಿ ದಿನದ ಬೆಲೆ 10.7 ಲಕ್ಷ, ಹನ್ನೆರಡು ವರ್ಷ ಹಿಂದಕ್ಕ ತಂದ್ರ ಬರೇ 4.7 ಲಕ್ಷ. 3 ಪರ್ಸೆಂಟ್ ಹಿಡಿದ್ರ 15 ಲಕ್ಷ, ಇವತ್ತಿಗೆ 10.5 ಲಕ್ಷ. ಪಿಂಚಣಿಗೆ ತುಟ್ಟಿಭತ್ಯೆ ಕೂಡ್ತೈತಿ, ಬೆಲೆ ಏರಿದಂಗ ಅದೂ ಏರ್ತೈತಿ. ಅದಕ್ಕ ಎಫ್‌ಡಿ ಬಡ್ಡಿ ಹಿಡಿಯೂದು ತಪ್ಪು, ಬೆಲೆ ಏರಿಕಿ ಕಳೆದ 3ರ ಆಜೂಬಾಜು ಹಿಡೀಬೇಕು. 420ರಿಂದ ಭಾಗಿಸಿದವರಿಗೆ 9 ಲಕ್ಷ ಬರ್ತೈತಿ. ಅಂದ್ರ ಜಗ್ಗಾಟ ಇರೂದು 9ರಿಂದ 10.5 ಲಕ್ಷದ ನಡುವ.

ಈಗ ಇನ್ನೊಂದು ಬಾಜು ನೋಡ್ರಿ. ಅಕ್ಕಾರ ಎನ್‌ಪಿಎಸ್ 22 ಲಕ್ಷ ಪೂರ್ತಿ ಮದುವಿಯೊಳಗ ಗಳಿಸಿದ್ದು, 2012ಕ್ಕಿಂತ ಮೊದಲ ಸೊನ್ನಿ. ಅರ್ಧ 11 ಲಕ್ಷ. ಪಿಂಚಣಿ ಹಂಚೋಣು ಅಂತ ಶುರು ಮಾಡಿದ್ರ ಅಕ್ಕಾರ ಕಡಿಂದ ಅರ್ಧದಿಂದ ಎರಡು ಲಕ್ಷ ಭಾವನ ಕಡೆ ಹೋಗೂ ಲೆಕ್ಕ ಐತಿ! ಎರಡೂ ಅರವತ್ತರತನಕ ಕೈಗೆ ಬಾರದ ರೊಕ್ಕ. ಎನ್‌ಪಿಎಸ್‌ನಾಗ ಸರ್ಕಾರಿ ನೌಕರರು ಕನಿಷ್ಠ 40 ಪರ್ಸೆಂಟಿಗೆ ವರ್ಷಾಶನ (ಪಿಂಚಣಿಯಂಗ ಕಂತಿನಾಗ ಬರೂ ಆದಾಯ) ಕೊಳ್ಳಬೇಕು, ಉಳಿದದ್ದಷ್ಟ ಒಂದ ಸಲಕ್ಕ ಸಿಗತೈತಿ. ನನ್ನ ಅಭಿಪ್ರಾಯ: ಪಿಂಚಣಿಗೆ ಎನ್‌ಪಿಎಸ್ ವಜಾ, ಅಂದ್ರ ಎರಡೂ ಸರಿಸಮ, ಅಂತ ಒಂದು ಸಾಲು ಬರದು ಮುಗಸ್ರಿ. ಪಿಂಚಣಿ ರೊಕ್ಕಕ್ಕ ಮನಿ ರೊಕ್ಕ ರೂಪಾಯಿಗೆ ರೂಪಾಯಿ ಅದಲಿಬದಲಿ ಮಾಡೂದು ಒಳ್ಳೇದಲ್ಲ. ಒಂದು ಇವತ್ತು ಮಾರಾಕ ಬರ್ತೈತಿ, ಇನ್ನೊಂದು ಬದುಕಿದ್ರ ಬರ್ತೈತಿ.

ಜಿಪಿಎಫ್‌ನಾಗ ಬಹಳ ಮಂದಿ 12ರಾಗ 2 ಕಳದು 10 ಲಕ್ಷ ಅಂತಾರ. ತಪ್ಪು. ಮದುವಿ ಮೊದಲಿನ 2 ಲಕ್ಷಕ್ಕ ಹದಿನಾಲ್ಕು ವರ್ಷ ಬಡ್ಡಿ ಕೂಡೈತಿ. ಸರಾಸರಿ 8 ಪರ್ಸೆಂಟ್ ಹಿಡಿದ್ರ ಅದು ಸುಮಾರು 5.9 ಲಕ್ಷ ಆಗೈತಿ, ಅದು ಭಾವಂದ. ಉಳಿದದ್ದು 6.1, ಅರ್ಧ 3 ಲಕ್ಷ ಅಕ್ಕಾರ ಕಡೆ. ಖರೇ ಅಂಕಿಗೆ ಮಹಾಲೇಖಪಾಲರ ಕಚೇರಿಯ ವಾರ್ಷಿಕ ಜಿಪಿಎಫ್ ಚೀಟಿ ತಗೀರಿ. ನಡುವ ಮುಂಗಡ ತಗೊಂಡಿದ್ರ ಅದು ಮನಿಗೆ ಹೋಗಿತ್ತೋ ಇಲ್ಲೋ ನೋಡ್ರಿ. ಮನಿಗೆ ಹೋಗಿದ್ರ ಮನಿ ಲೆಕ್ಕದಾಗ ಬಂದಂಗಾತು. ಎನ್‌ಪಿಎಸ್‌ಗೆ ಪ್ರಾನ್ (ಖಾತೆ ನಂಬರು) ಹಾಕಿದ್ರ ವರ್ಷವಾರು ವಹಿವಾಟಿನ ಪಟ್ಟಿ ಸಿಗತೈತಿ. ಕೆಜಿಐಡಿ (ರಾಜ್ಯ ಸರ್ಕಾರಿ ನೌಕರರ ವಿಮಾ) ಕಡಿತ ಎಚ್‌ಆರ್‌ಎಂಎಸ್ ಪಗಾರ ಚೀಟ್ಯಾಗ ಕಾಣ್ತೈತಿ. ಇಬ್ಬರದೂ ಇರ್ತೈತಿ, ಎರಡೂ ಪಟ್ಟ್ಯಾಗ ಬರೀರಿ.

ಕಮ್ಯುಟೇಶನ್ ರೊಕ್ಕ ಪಿಂಚಣಿಯದ ಮೂರನೇ ಒಂದು ಭಾಗ ಮುಂಗಡ ತಗೊಂಡಿದ್ದು. ಪೂರ್ತಿ ಪಿಂಚಣಿಗೆ ಬೆಲೆ ಕಟ್ಟಿದ ಮ್ಯಾಲೆ ಅದನ್ನ ಬ್ಯಾರೆ ಸಾಲಿನಾಗ ಹಾಕಿದ್ರ ಎರಡು ಸಲ ಎಣಿಸಿದಂಗ.

ಉತ್ತರ: ದಸ್ತಾವೇಜು

ಮನೆಯ ವಿಷಯದಲ್ಲಿ ಎಲ್ಲರೂ ಎಡವುವುದು ದಿನಾಂಕದಲ್ಲಿ. ಡಿಕ್ರಿ ಆಗುವವರೆಗೆ ಅವರು ಗಂಡ-ಹೆಂಡತಿ. ಗಂಡ ಹೆಂಡತಿಗೆ ದಾನಪತ್ರ ಮಾಡಿದರೆ ಕರ್ನಾಟಕ ಮುದ್ರಾಂಕ ಕಾಯ್ದೆಯಲ್ಲಿ ಕುಟುಂಬದೊಳಗಿನ ದಾನ, ಶುಲ್ಕ ಶೇಕಡಾವಾರು ಅಲ್ಲ, ಸ್ಥಿರ ಮೊತ್ತ, ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಡಿಕ್ರಿ ಆದ ಮರುದಿನ ಅದೇ ಪತ್ರ ಹೊರಗಿನವರಿಗೆ ಕೊಟ್ಟ ಹಾಗೆ. ಮುದ್ರಾಂಕ 5 ಶೇಕಡಾ, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1ರ ಬದಲು 2 ಶೇಕಡಾ. ಭಾವನವರ ಅರ್ಧ ಪಾಲಿನ ಬೆಲೆ 35 ಲಕ್ಷ ಎಂದು ಹಿಡಿದರೂ ಎರಡೂವರೆ ಲಕ್ಷ ದಾಟುತ್ತದೆ.

ಹಾಗೆಂದು ಮೊದಲ ಅರ್ಜಿಗೂ ಮುಂಚೆ ದಾನಪತ್ರ ಮಾಡಿಬಿಟ್ಟರೆ ಇನ್ನೊಂದು ಅಪಾಯ. ಒಪ್ಪಿಗೆಯನ್ನು ಡಿಕ್ರಿಗೆ ಮುಂಚೆ ಯಾರಾದರೂ ಹಿಂಪಡೆಯಬಹುದು, 1991ರಿಂದಲೂ ಇದೇ ಕಾನೂನು. ನೋಂದಣಿಯಾದ ದಾನವನ್ನು ಹಿಂಪಡೆಯುವುದು ಅಷ್ಟು ಸುಲಭವಲ್ಲ. ನಡುದಾರಿ ಇದು: ಮೊದಲ ಅರ್ಜಿಯ ಜೊತೆ ಕರಾರು ಸಲ್ಲಿಸಿ, ಅದರಲ್ಲಿ ಮನೆ, ಸೈಟುಗಳ ಪೂರ್ತಿ ಷೆಡ್ಯೂಲ್ ಚೆಕ್ಕುಬಂದಿ ಸಮೇತ ಬರಲಿ. ಎರಡನೇ ಅರ್ಜಿಯ ವಿಚಾರಣೆಗೆ ವಾರ ಮುಂಚೆ ದಾನಪತ್ರ ನೋಂದಾಯಿಸಿ. ಅಕ್ಕನವರು ಕೊಡಬೇಕಾದ ಹಣದ ಡಿಡಿ ನ್ಯಾಯಾಲಯದಲ್ಲೇ ಕೈ ಬದಲಾಗಲಿ. ಕೊಡುವವರು ಕಾಯಬೇಕಾದ ಅವಧಿ ಒಂದು ವಾರ, ಆರು ತಿಂಗಳಲ್ಲ.

ಷೆಡ್ಯೂಲ್ ಅರ್ಜಿಯಲ್ಲೇ ಇರಲಿ ಎಂದದ್ದಕ್ಕೆ ಕಾರಣ ಉಂಟು. ರಾಜಿ ಡಿಕ್ರಿಯಲ್ಲಿ ದಾವೆಯ ವಿಷಯವಲ್ಲದ ಸ್ಥಿರಾಸ್ತಿ ಬಂದರೆ, ನೋಂದಣಿ ಕಾಯ್ದೆ 17(2)(6)ರ ವಿನಾಯಿತಿ ಸಿಗದೆ ಡಿಕ್ರಿಯನ್ನೇ ನೋಂದಾಯಿಸಬೇಕಾಗುತ್ತದೆ. "ಕೋರ್ಟೇ ಹೇಳಿದೆಯಲ್ಲ" ಎಂದು ಡಿಕ್ರಿ ಪ್ರತಿ ಹಿಡಿದು ಪಾಲಿಕೆಗೆ ಹೋದವರನ್ನು ಖಾತೆ ಬದಲಿಸದೆ ವಾಪಸ್ ಕಳಿಸುವುದು ಇದಕ್ಕೇ.

ನೋಂದಣಿಗೆ ಈಗ ಇ-ಖಾತಾ ಇಲ್ಲದೆ ಕಾವೇರಿ ತಂತ್ರಾಂಶ ಮುಂದಕ್ಕೆ ಹೋಗುವುದಿಲ್ಲ. ಬಳ್ಳಾರಿ ಮನೆಯ ಇ-ಖಾತಾದಲ್ಲಿ ಇಬ್ಬರ ಹೆಸರೂ ಆಧಾರ್‌ನಲ್ಲಿರುವ ಹಾಗೇ ಇದೆಯೇ ನೋಡಿ. ಹೆಂಡತಿಯ ಹೆಸರು ಖಾತೆಯಲ್ಲಿ ತವರಿನದು, ಆಧಾರ್‌ನಲ್ಲಿ ಗಂಡನ ಮನೆಯದು ಇದ್ದು ತಿಂಗಳುಗಟ್ಟಲೆ ನಿಂತ ಕಡತಗಳು ಕಡಿಮೆಯಲ್ಲ. ಭಾಗ್ಯನಗರದ ಸೈಟಿನ ಲೇಔಟ್ ಎನ್‌ಎ (ಕೃಷಿಯೇತರ) ಆಗಿ ಮಂಜೂರಾಗಿದೆಯೇ, ಬರೀ ರೆವಿನ್ಯೂ ಸೈಟೇ ಎಂಬುದನ್ನೂ ನೋಡಿ. ರೆವಿನ್ಯೂ ಸೈಟಾದರೆ ಬ್ಯಾಂಕು ಸಾಲ ಕೊಡದು, 18 ಲಕ್ಷದ ಮಾತು ಮಾತಾಗಿಯೇ ಉಳಿಯುತ್ತದೆ. ಎರಡಕ್ಕೂ 2003ರಿಂದ ಇವತ್ತಿನವರೆಗೆ ಋಣಭಾರ ಪತ್ರ ತೆಗೆಸಿ, ಸೊಸೈಟಿ ಸಾಲದ ಬೋಜಾ ಇದ್ದರೆ ಅಲ್ಲೇ ಕಾಣುತ್ತದೆ.

ಬೆಲೆ ಕಟ್ಟುವಾಗ ಒಂದಕ್ಕೆ ಮಾರ್ಗಸೂಚಿ ದರ, ಇನ್ನೊಂದಕ್ಕೆ ಬಜಾರು ದರ ಹಿಡಿಯಬೇಡಿ. ಎರಡಕ್ಕೂ ಒಂದೇ ನೋಂದಾಯಿತ ಮೌಲ್ಯಮಾಪಕರು, ಒಂದೇ ತಿಂಗಳು. ಸೈಟು ಮಾರಿದ ದಿನ ಭಾವನವರಿಗೆ 10 ಲಕ್ಷ ಲಾಭದ ಮೇಲೆ 12.5 ಶೇಕಡಾ ತೆರಿಗೆ, 1.25 ಲಕ್ಷ, ಮೇಲೆ ಸೆಸ್. ಅದನ್ನು ಕಳೆದು ಸೈಟಿಗೆ 16.75 ಲಕ್ಷ ಹಿಡಿಯುವುದು ನ್ಯಾಯ.

ಇಬ್ಬರೂ ಸರ್ಕಾರಿ ನೌಕರರಾದ್ದರಿಂದ 2021ರ ನಡತೆ ನಿಯಮಗಳಂತೆ ಸ್ಥಿರಾಸ್ತಿ ಕೊಡುವುದು, ಪಡೆಯುವುದು ಎರಡನ್ನೂ ಇಲಾಖೆಗೆ ಮೊದಲೇ ತಿಳಿಸಬೇಕು. ವಿಚ್ಛೇದನದ ಗಲಾಟೆಯಲ್ಲಿ ಇದು ಮರೆತು ನೋಟಿಸು ಬರುತ್ತದೆ.

ಉತ್ತರ: ಸಾಲದ ಕೌಂಟರ್

ದಾನಪತ್ರಕ್ಕಿಂತ ಮೊದಲು ಬ್ಯಾಂಕು. ಮನೆ ಅಡಮಾನದಲ್ಲಿದೆ, ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇಲ್ಲದೆ ಪಾಲು ವರ್ಗ ಮಾಡಿದರೆ ಸಾಲದ ಷರತ್ತು ಮುರಿದ ಹಾಗೆ. ಡಿಕ್ರಿಯಲ್ಲಿ "ಇನ್ನು ಮುಂದೆ ಕಂತು ಹೆಂಡತಿಯದು" ಎಂದಿದ್ದರೂ ಬ್ಯಾಂಕು ಅದಕ್ಕೆ ಬದ್ಧವಲ್ಲ, ಸಾಲಪತ್ರದಲ್ಲಿ ಸಹಿ ಇಬ್ಬರದು. ಆಕೆ ಎರಡು ಕಂತು ತಪ್ಪಿಸಿದರೆ ಆತನ ಸಿಬಿಲ್ ಕೆಡುತ್ತದೆ, ಹೊಸ ಸಾಲವೂ ಸಿಗುವುದಿಲ್ಲ. ಆದ್ದರಿಂದ ಆಕೆ ಒಬ್ಬರ ಹೆಸರಿನಲ್ಲಿ ಹೊಸ ಸಾಲ ಪಡೆದು ಹಳೆಯದನ್ನು ಪೂರ್ತಿ ತೀರಿಸುವುದೇ ಸ್ವಚ್ಛ. 8.5 ಶೇಕಡಾ ಬಡ್ಡಿ, 20 ವರ್ಷಕ್ಕೆ ಲಕ್ಷಕ್ಕೆ ಸುಮಾರು 868 ರೂ. ಕಂತು. 24 ಲಕ್ಷಕ್ಕೆ 20,800. ಆಕೆಯ ಪಗಾರ ಚೀಟಿ ತಂದು ಅರ್ಹತೆ ಮೊದಲು ಕೇಳಿಕೊಳ್ಳಿ. ಅದು ಗೊತ್ತಾಗದೆ ಮನೆ ಯಾರಿಗೆ ಎಂಬ ಮಾತೇ ವ್ಯರ್ಥ.

ಕಾರಟಗಿ ಕಾಲುವೆ

ಎಲ್ಲಾರಿಗೂ ಶರಣ್ರಿ. ಕೂಡ್ಸಿ ನೋಡಿದೆ. ಮನಿ 70ರಾಗ ಸಾಲ ಕಳದ್ರ 46 ಲಕ್ಷ ಅಕ್ಕಗ, ಸೈಟು 16.75 ಭಾವಗ. ವ್ಯತ್ಯಾಸದ ಅರ್ಧ ಸುಮಾರು 14.6 ಲಕ್ಷ ಅಕ್ಕ ಕೊಡಬೇಕು. ಪಿಂಚಣಿ-ಎನ್‌ಪಿಎಸ್ ವಜಾ. ಜಿಪಿಎಫ್ 3 ಲಕ್ಷ ಕಳದ್ರ 11.6 ಲಕ್ಷ. ಇದನ್ನ ಭಾವ ಮಕ್ಕಳಿಗೆ ಕೊಡೂ ಜೀವನಾಂಶದಾಗ ಮುರಕೊಂಡ್ರ ಆತಲ್ಲ, ರೊಕ್ಕದ ವ್ಯವಹಾರನ ಬ್ಯಾಡ ಅಂತ ಇಬ್ಬರೂ ಅಂತಾರ. ಮತ್ತ ಆ 12 ತೊಲಿ ಬಂಗಾರ ಇವತ್ತಿನ ದರಕ್ಕ ಲೆಕ್ಕ ಹಿಡೀಬೇಕಂತ ನಮ್ಮವ್ವ ಪಟ್ಟು ಹಿಡದಾಳ.

ಉತ್ತರ: ವಕಾಲತ್ತು

ಮಕ್ಕಳ ಜೀವನಾಂಶದಲ್ಲಿ ಮುರಿದುಕೊಳ್ಳಬೇಡಿ. ಅದು ಮಕ್ಕಳ ಹಕ್ಕು. ತಾಯಿ ಬಿಟ್ಟುಕೊಟ್ಟಳು ಎಂದು ಕರಾರಿನಲ್ಲಿ ಬರೆದರೂ ಮಕ್ಕಳ ಪರವಾಗಿ ನಾಳೆ ಅರ್ಜಿ ಬರಬಹುದು, ಆಗ ಭಾವನವರು ಅದೇ ಹಣವನ್ನು ಎರಡು ಸಲ ಕೊಟ್ಟ ಹಾಗಾಗುತ್ತದೆ. ಅವರ ಹಿತಕ್ಕೇ ಇದು ಬೇಡ. ಮಗಳಿಗೆ, ಮಗನಿಗೆ ತಿಂಗಳಿಗೆ ಇಷ್ಟು, ವರ್ಷಕ್ಕೆ ಇಷ್ಟು ಏರಿಕೆ, ಶಾಲೆ ಶುಲ್ಕ ಯಾರದು ಎಂದು ಬೇರೆ ಪುಟದಲ್ಲಿ ಬರೆಯಿರಿ. ಕೈಯಲ್ಲಿ ನಗದಿಲ್ಲದಿದ್ದರೆ 11.6 ಲಕ್ಷವನ್ನು ಹೊಸ ಮನೆ ಸಾಲದಲ್ಲೇ ಸೇರಿಸಿ ಕೇಳಬಹುದು. 35.6 ಲಕ್ಷಕ್ಕೆ ಕಂತು 31,000 ಸಮೀಪ ಬರುತ್ತದೆ. ಅಷ್ಟು ಹೊರಲಾಗದಿದ್ದರೆ ಭಾವನವರೇ ಮನೆ ಇಟ್ಟುಕೊಳ್ಳಲಿ, ಅಥವಾ ಮಾರಲಿ. ಮನೆಯ ಮೋಹಕ್ಕೆ ಪಗಾರದ ಅರ್ಧ ಕಂತಿಗೆ ಒತ್ತೆ ಇಡುವುದು ನನಗೆ ಸರಿ ಕಾಣದು.

ಬಂಗಾರ ಸ್ತ್ರೀಧನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಈಗ ಮನೆಯಾಗಿದೆ. ಮನೆಯನ್ನು ಅರ್ಧ-ಅರ್ಧ ಎಂದು ಒಪ್ಪುವಾಗ ಮುಂಗಡ ಹಾಕಿದವರು, ಕಂತು ಕಟ್ಟಿದವರು ಇಬ್ಬರ ಕೊಡುಗೆಯನ್ನೂ ಸಮ ಎಂದು ಒಪ್ಪಿದ ಹಾಗೆ. ಮನೆಯ ಅರ್ಧವೂ ಬೇಕು, ಬಂಗಾರವೂ ಇವತ್ತಿನ ದರದಲ್ಲಿ ವಾಪಸ್ ಬೇಕು ಎಂದರೆ ಭಾವನವರು ಹನ್ನೆರಡು ವರ್ಷದ ಕಂತಿನ ಲೆಕ್ಕ ತೆಗೆಯುತ್ತಾರೆ. ಅಮ್ಮನಿಗೆ ಇದನ್ನು ನಿಧಾನಕ್ಕೆ ಹೇಳಿ: ಎರಡರಲ್ಲಿ ಒಂದು. ಮಾರದೆ ಉಳಿದಿರುವ ಒಡವೆಗಳ ತೂಕ ಪತ್ತಾರರಿಂದ ಬರೆಸಿ, ಫೋಟೋ ಸಮೇತ ಪಟ್ಟಿ ಮಾಡಿ. ಅವು ಪೂರ್ತಿ ಅಕ್ಕನವರದು, ಹಂಚಿಕೆಯ ಪಟ್ಟಿಗೆ ಬರುವುದೇ ಇಲ್ಲ. ಬ್ಯಾಂಕಿನಲ್ಲಿ ಒತ್ತೆ ಇದ್ದರೆ ರಸೀದಿ ಯಾರ ಹೆಸರಿನಲ್ಲಿದೆ ನೋಡಿ.

ಹೊಲ: ಸೊಸೆಗೆ ಅದರಲ್ಲಿ ಪಾಲಿಲ್ಲ. ಮಕ್ಕಳಿಗೆ ಇದೆಯೇ ಎಂಬುದು ಆ ಹೊಲ ಅಜ್ಜನ ಕೈಗೆ ಹೇಗೆ ಬಂತು ಎಂಬುದರ ಮೇಲಿದೆ. ಹಳೆಯ ಅವಿಭಕ್ತ ಕುಟುಂಬದಿಂದ ಇಳಿದು ಬಂದ ಪಿತ್ರಾರ್ಜಿತವಾದರೆ ಮೊಮ್ಮಗ, ಮೊಮ್ಮಗಳು ಇಬ್ಬರಿಗೂ ಹುಟ್ಟಿನಿಂದಲೇ ಹಕ್ಕು. ಹೆಣ್ಣುಮಕ್ಕಳಿಗೆ ಕರ್ನಾಟಕದಲ್ಲಿ 1994ರ ತಿದ್ದುಪಡಿ, ದೇಶಕ್ಕೆಲ್ಲ 2005ರ ತಿದ್ದುಪಡಿ, ಅದನ್ನು 2020ರ ವಿನೀತಾ ಶರ್ಮಾ ತೀರ್ಪು ಗಟ್ಟಿ ಮಾಡಿದೆ. ಅಜ್ಜ ಸ್ವಂತ ದುಡಿದು ಕೊಂಡಿದ್ದರೆ, ಅಥವಾ 1956ರ ನಂತರ ತೀರಿಕೊಂಡ ತಮ್ಮ ತಂದೆಯ ಸ್ವಯಾರ್ಜಿತಕ್ಕೆ ವಾರಸುದಾರರಾಗಿ ಪಡೆದಿದ್ದರೆ, ಅದು ಅಜ್ಜನ ಪ್ರತ್ಯೇಕ ಆಸ್ತಿ. "ಹಿರಿಯರ ಹೊಲ" ಎಂಬ ಬಾಯಿಮಾತಿನಿಂದ ಏನೂ ಸಿದ್ಧವಾಗದು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಹಳೆಯ ಪಹಣಿ, ಹಕ್ಕು ಬದಲಾವಣೆಯ ನಕಲು ತೆಗೆಸಿ. ನಿಜಾಮರ ಕಾಲದ ದಾಖಲೆ ಉರ್ದುವಿನಲ್ಲಿದ್ದರೆ ತರ್ಜುಮೆ ಮಾಡಿಸಬೇಕಾದೀತು.

ಕರಾರಿನಲ್ಲಿ "ಮಕ್ಕಳಿಗೆ ತಂದೆಯ ಕಡೆಯ ಯಾವ ಆಸ್ತಿಯಲ್ಲೂ ಹಕ್ಕಿಲ್ಲ" ಎಂಬ ಸಾಲು ಬರೆಸಲು ಯಾರಾದರೂ ಹೇಳಿದರೆ ಒಪ್ಪಬೇಡಿ. ದಾವೆಯಲ್ಲಿ ಅಪ್ರಾಪ್ತರ ಪರವಾಗಿ ನ್ಯಾಯಾಲಯದ ಅನುಮತಿಯಿಲ್ಲದೆ ಮಾಡಿದ ರಾಜಿ ಅವರನ್ನು ಕಟ್ಟಿಹಾಕದು.

ಉತ್ತರ: ಖಜಾನೆ ಕಟ್ಟಿ

ಒಂದು ಬಿಟ್ಟಿತ್ತು. ಡಿಕ್ರಿ ಆದ ತಕ್ಷಣ ನಾಮಿನಿ ಬದಲಾಗೂದಿಲ್ಲ. ಹಳೇ ಹೆಸರು ಹಂಗ ಉಳಿದು, ಮುಂದ ಏನರ ಆದ್ರ ಮಕ್ಕಳು, ಹೊಸ ಹೆಂಡ್ತಿ, ಮುದುಕ ತಾಯಿ ಎಲ್ಲಾರೂ ಅಲಿಯೂ ಪಾಳಿ ಬರ್ತೈತಿ. ಡಿಕ್ರಿ ನಕಲು ಸಿಕ್ಕ ವಾರದಾಗ ಭಾವ ಜಿಪಿಎಫ್, ಕೆಜಿಐಡಿ, ಗ್ರಾಚ್ಯುಟಿ, ಗುಂಪು ವಿಮಾ, ಕುಟುಂಬದ ವಿವರದ ನಮೂನೆ ಎಲ್ಲಾ ಹೊಸದಾಗಿ ಕೊಟ್ಟು, ಸೇವಾ ಪುಸ್ತಕದಾಗ ದಾಖಲಾಗೇತೇನು ಅಂತ ಕಣ್ಣಾರೆ ನೋಡಬೇಕು. ಅಕ್ಕಾರು ಎನ್‌ಪಿಎಸ್ ನಾಮಿನಿ ಬದಲಿ ಮಾಡಬೇಕು. ಮಕ್ಕಳ ಹೆಸರು ಹಾಕೂದಾದ್ರ ಅಪ್ರಾಪ್ತರಿಗೆ ಪಾಲಕರ ಹೆಸರು ಕೇಳ್ತೈತಿ. ಅಲ್ಲಿ ಯಾರನ್ನ ಹಾಕಬೇಕಂತ ಇಬ್ಬರೂ ಕರಾರಿನಾಗ ಒಪ್ಪಿಕೊಂಡಿದ್ರ ಚಲೋ.

ಎಲ್‌ಐಸಿ ಪಾಲಿಸಿ ಏನರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಿದ್ದಿದ್ರ ಅದು ಬ್ಯಾರೆ ಕಥಿ. ಹೆಂಡ್ತಿ ಮಕ್ಕಳ ಹೆಸರಿಲೆ ಟ್ರಸ್ಟ್ ಆಗಿರ್ತೈತಿ, ಭಾವ ಒಬ್ಬರ ಬದಲಿ ಮಾಡಾಕ ಬರೂದಿಲ್ಲ. ಬಾಂಡಿನ ಮುಖಪುಟದಾಗ ಆ ಕಾಯ್ದೆ ಹೆಸರು ಐತೇನು ಅಂತ ಮೊದಲ ನೋಡ್ರಿ. ಇದ್ರ ಅದನ್ನ ಭಾವನ ಪಟ್ಟಿಯಿಂದ ತಗದು ಅಕ್ಕಾರ ಪಟ್ಟಿಗೆ ಹಾಕ್ರಿ, ನಿಮ್ಮ 11.6 ಲಕ್ಷ ಅಷ್ಟರಮಟ್ಟಿಗೆ ಮತ್ತ ಬದಲಾಕ್ಕೈತಿ.